ಮಧುಗಿರಿಯಲ್ಲಿ ಬಿದ್ದ ಮೇಲೆ ಬೆಟ್ಟ ಇಳಿಯೋಕೆ ಭಯ: ಸುಲಭದ ಬೆಟ್ಟದಿಂದ ಮತ್ತೆ ಶುರು ಮಾಡಿದವರು ಯಾರಾದ್ರೂ ಇದ್ದೀರಾ?

ಕಲ್ಲುಹೂವು (ತುಮಕೂರು), ಆಗಸ್ಟ್ 11

ಎಲ್ರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು.

ನನಗೆ 46 ವರ್ಷ. ಮನೆ ಶಿರಾ ಗೇಟ್ ಕಡೆ. ಐದಾರು ವರ್ಷದಿಂದ ನಾವು ಏಳೆಂಟು ಜನ ತಿಂಗಳಿಗೊಂದು ಬೆಟ್ಟ ಅಂತ ಹತ್ತುತ್ತಾ ಇದ್ವಿ. ಸಿದ್ಧರ ಬೆಟ್ಟ, ಚನ್ನರಾಯನದುರ್ಗ, ಶಿವಗಂಗೆ, ಆ ಕಡೆ ಸ್ಕಂದಗಿರಿ. ಕಳೆದ ಡಿಸೆಂಬರಲ್ಲಿ ಮಧುಗಿರಿಗೆ ಹೋದ್ವಿ. ಹತ್ತೋವಾಗ ಏನೂ ಆಗ್ಲಿಲ್ಲ, ಮೇಲೆ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ ಹತ್ರ ಕೂತು ಪುಳಿಯೋಗರೆ ತಿಂದು ಫೋಟೋನೂ ತೆಗೆಸ್ಕೊಂಡ್ವಿ. ಕಡಿದಾದ ಜಾಗವನ್ನೆಲ್ಲ ಕಂಬಿ ಹಿಡ್ಕೊಂಡು ಇಳಿದಾಯ್ತು. ಕೆಳಗಿನ ಬಾಗಿಲು ಕಾಣ್ತಾ ಇತ್ತು. "ಇನ್ನೇನು ಮುಗೀತು, ಕೆಳಗೆ ಹೋಗಿ ಕಾಫಿ ಕುಡಿಯೋಣ" ಅಂತ ಹೇಳಿದ್ದು ನೆನಪಿದೆ. ಮುಂದಿನ ಹೆಜ್ಜೆಗೆ ಗರಸಿನ ಮೇಲೆ ಕಾಲು ಜಾರಿ, ಬಲಗಾಲಿನ ಹರಡು ತಿರುಚ್ಕೊಂಡು ಬಿದ್ದೆ. ಮೂಳೆ ಬಿರುಕು. ಆರು ವಾರ ಪ್ಲಾಸ್ಟರ್.

ಈಗ ಮೂಳೆ ಸರಿಯಾಗಿದೆ. ಡಾಕ್ಟರ್ ಏನು ಬೇಕಾದ್ರೂ ಮಾಡಿ ಅಂದಿದ್ದಾರೆ. ಆದ್ರೆ ಹೋದ ಭಾನುವಾರ ದೇವರಾಯನದುರ್ಗಕ್ಕೆ ಹೋಗಿದ್ವಿ. ಅದೇನು ಬೆಟ್ಟ ಅಂತೀರಾ, ಮುಕ್ಕಾಲು ಭಾಗ ರಸ್ತೆನೇ ಇದೆ. ಯೋಗ ನರಸಿಂಹನ ದರ್ಶನ ಮಾಡಿ ಮೆಟ್ಟಿಲು ಇಳಿಯೋಕೆ ತಿರುಗಿದ್ರೆ ಕಾಲು ಮುಂದಕ್ಕೇ ಬರ್ಲಿಲ್ಲ. ಹಿಂದೆ ಐದು ವರ್ಷದ ಮಗು ಕುಣ್ಕೊಂಡು ಇಳೀತಿದೆ, ನಾನು ಗೋಡೆ ಹಿಡ್ಕೊಂಡು ಒಂದೊಂದೇ ಮೆಟ್ಟಿಲು, ಅದೂ ಅಡ್ಡಡ್ಡ. ಅಂಗೈಯೆಲ್ಲ ಬೆವರು. ಕೊನೆಗೆ ಒಬ್ಬ ಅಜ್ಜಿ "ಯಾಕವ್ವಾ ಕಾಲುನೋವಾ, ನನ್ ಕೈ ಹಿಡ್ಕೊ" ಅಂದ್ರು. ಅಜ್ಜಿ ಕೈ ಹಿಡ್ಕೊಂಡೇ ಇಳಿದೆ!

ಗುಂಪಿನವರು ಈ ಡಿಸೆಂಬರಿಗೆ ಮತ್ತೆ ಮಧುಗಿರಿ ಅಂತಿದ್ದಾರೆ. ನಾನು ಹೋಗ್ಬೇಕು ಅಂತೇನಿಲ್ಲ, ಆದ್ರೆ ಹೋಗಕ್ಕಾಗಲ್ಲ ಅನ್ನೋದು ಸಹಿಸಕ್ಕಾಗ್ತಿಲ್ಲ. ಹೀಗೆ ಬಿದ್ದು ಮತ್ತೆ ಸುಲಭದ ಬೆಟ್ಟದಿಂದ ಶುರು ಮಾಡಿದವರು ಇದ್ರೆ, ಹೇಗೆ ಮಾಡಿದ್ರಿ?

ಏಳು ಗುಡ್ಡ (ಪಾವಗಡ), ಆಗಸ್ಟ್ 11

ಮೇಡಂ ಇದಕ್ಕೆಲ್ಲ ಒಂದೇ ಔಷಧಿ. ಎಲ್ಲಿ ಬಿದ್ರೋ ಅಲ್ಲಿಗೇ ಹೋಗಿ. ನೇರ ಮಧುಗಿರಿ. ದೇವರಾಯನದುರ್ಗದ ಮೆಟ್ಟಿಲು ಹತ್ತಿ ಇಳಿದ್ರೆ ಯಾರಿಗೂ ಧೈರ್ಯ ಬರಲ್ಲ, ಅದು ವಾಕಿಂಗು. ನಮ್ಮಪ್ಪ ನಂಗೆ ಈಜು ಕಲಿಸಿದ್ದು ಬಾವಿಗೆ ತಳ್ಳಿ. ಎರಡು ಗುಟುಕು ನೀರು ಕುಡಿದೆ, ಬಂತು ಈಜು. ಅಷ್ಟೇ.

ಮೈದಾಳದ ಗಾಳಿ (ತುಮಕೂರು), ಆಗಸ್ಟ್ 11

@ಏಳು ಗುಡ್ಡ ನನ್ನನ್ನೂ ಬಾವಿಗೆ ತಳ್ಳಿದ್ರು ಸ್ವಾಮಿ, ನಮ್ಮ ಮಾವ. ಈಜೂ ಬಂತು. ನಲವತ್ತು ವರ್ಷ ಆಯ್ತು, ಇವತ್ತಿಗೂ ಬಾವಿಕಟ್ಟೆ ಹತ್ರ ಹೋಗಲ್ಲ, ಮಾವನ ಹತ್ರನೂ ಮಾತಾಡಲ್ಲ.

@ಕಲ್ಲುಹೂವು ಅಕ್ಕಾ, ತೆನಾಲಿ ರಾಮನ ಬೆಕ್ಕಿನ ಕತೆ ಗೊತ್ತಲ್ಲ. ಒಂದ್ಸಲ ಬಿಸಿಹಾಲಿಗೆ ಮೂತಿ ಸುಟ್ಕೊಂಡ ಮೇಲೆ ತಣ್ಣಗಿನ ಹಾಲು ಇಟ್ರೂ ಓಡಿಹೋಗ್ತಿತ್ತು. ಅದಕ್ಕೆ ಮತ್ತೆ ಬಿಸಿಹಾಲು ಇಟ್ರೆ ಏನ್ ಬಂತು? ಆರಿದ ಹಾಲೇ ಇಡ್ಬೇಕು, ದಿನಾ ಇಡ್ಬೇಕು. ಮಂದಾರಗಿರಿಗೆ ಹೋಗಿ. ಪಂಡಿತನಹಳ್ಳಿ ಬಸದಿ ಬೆಟ್ಟ. ನಾನೂರು ಚಿಲ್ಲರೆ ಮೆಟ್ಟಿಲು, ಮೇಲೆ ಹೋದ್ರೆ ಮೈದಾಳ ಕೆರೆ ಕಾಣುತ್ತೆ, ಗಾಳಿ ಹಂಗೇ ಎತ್ಕೊಂಡು ಹೋಗುತ್ತೆ. ಬೆಳಿಗ್ಗೆ ಆರೂವರೆಗೆ ಹೋದ್ರೆ ಯಾರೂ ಇರಲ್ಲ, ಎಷ್ಟು ನಿಧಾನ ಇಳಿದ್ರೂ ಕೇಳೋರಿಲ್ಲ. ನಿಮಗೆ ಬೆಟ್ಟಕ್ಕಿಂತ ಹಿಂದಿಂದ ಬರೋ ಜನರ ಭಯನೇ ಜಾಸ್ತಿ ಅನ್ಸುತ್ತೆ.

ಕೀಲು ಮೂಳೆ (ತಿಪಟೂರು), ಆಗಸ್ಟ್ 12

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ಕಾಲನ್ನು ನೋಡದೆ ಹೇಳ್ತಿರೋದರಿಂದ ಇದನ್ನು ಸಾಮಾನ್ಯ ಮಾತು ಅಂತ ತಗೊಳ್ಳಿ, ನಿಮ್ಮ ಡಾಕ್ಟರನ್ನೂ ಒಮ್ಮೆ ಕೇಳಿ.

"ಮೂಳೆ ಸರಿಯಾಗಿದೆ, ಭಯ ಮಾತ್ರ ಉಳಿದಿದೆ" ಅಂತ ಬರೆದಿದ್ದೀರಿ. ಅಷ್ಟು ಸುಲಭವಾಗಿ ಎರಡನ್ನೂ ಬೇರೆ ಮಾಡಬೇಡಿ. ಹರಡಿನ ಸುತ್ತ ಮೂಳೆಗಳನ್ನ ಹಿಡಿದಿಡೋ ಅಸ್ಥಿರಜ್ಜುಗಳು (ಲಿಗಮೆಂಟ್) ಬರೀ ಹಗ್ಗ ಅಲ್ಲ. ಪಾದ ಯಾವ ಕೋನದಲ್ಲಿದೆ, ಎಷ್ಟು ವಾಲಿದೆ ಅಂತ ಮಿದುಳಿಗೆ ಸುದ್ದಿ ಕಳಿಸೋ ನರದ ತುದಿಗಳು ಅಲ್ಲಿವೆ. ಪೆಟ್ಟು ಬಿದ್ದು ಆರು ವಾರ ಅಲ್ಲಾಡದೆ ಇದ್ದಾಗ ಆ ಸುದ್ದಿ ಮಂಕಾಗುತ್ತೆ. ಹಾಗಾಗಿ ನಿಮ್ಮ ಕಾಲು ನಿಮಗೆ ನಂಬಿಕೆ ಕೊಡ್ತಿಲ್ಲ ಅಂದ್ರೆ ಅದರಲ್ಲಿ ಸ್ವಲ್ಪ ನಿಜವೂ ಇದೆ.

ಪರೀಕ್ಷೆ ಮಾಡ್ಕೊಳ್ಳಿ: ಗೋಡೆ ಪಕ್ಕ ನಿಂತು ಎಡಗಾಲಲ್ಲಿ ಒಂಟಿಕಾಲು 30 ಸೆಕೆಂಡ್, ಆಮೇಲೆ ಬಲಗಾಲಲ್ಲಿ. ಎರಡಕ್ಕೂ ತುಂಬ ವ್ಯತ್ಯಾಸ ಇದ್ರೆ ಮೊದಲು ಅದನ್ನ ಸರಿ ಮಾಡ್ಬೇಕು. ಹಲ್ಲುಜ್ಜೋವಾಗ ದಿನಾ ಒಂಟಿಕಾಲಲ್ಲಿ ನಿಲ್ಲಿ. ಅದು ಸಲೀಸಾದ ಮೇಲೆ ಕಣ್ಣು ಮುಚ್ಕೊಂಡು.

ಇನ್ನೊಂದು. ಹತ್ತೋ ಕೆಲಸ ಬೇರೆ, ಇಳಿಯೋ ಕೆಲಸ ಬೇರೆ. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ದೇಹ ಎತ್ತುತ್ತೆ. ಇಳಿಯುವಾಗ ಅದೇ ಸ್ನಾಯು ಭಾರ ಹೊತ್ಕೊಂಡು ಉದ್ದ ಆಗ್ತಾ ಬ್ರೇಕ್ ಹಾಕುತ್ತೆ. ಬೆಟ್ಟ ಹತ್ತಿ ಬಂದು ಎರಡನೇ ದಿನ ಟಾಯ್ಲೆಟ್ಟಿಗೆ ಕೂರಕ್ಕಾಗದಷ್ಟು ತೊಡೆ ಹಿಡ್ಕೊಳ್ಳೋದು ಇಳಿದಿದ್ದಕ್ಕೆ, ಹತ್ತಿದ್ದಕ್ಕಲ್ಲ. ಸಂತೋಷದ ವಿಷಯ ಏನಂದ್ರೆ ಒಂದ್ಸಲ ಹಾಗೆ ನೋವು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯಲ್ಲ. ಮನೆ ಮೆಟ್ಟಿಲಲ್ಲಿ ನಿಧಾನ ಇಳಿಯೋದನ್ನ ಅಭ್ಯಾಸ ಮಾಡಿ. ಒಂದು ಮೆಟ್ಟಿಲಿಗೆ ಮೂರು ಎಣಿಸಿ.

ಹಳೇ ಮೇಷ್ಟ್ರು (ಕ್ಯಾತ್ಸಂದ್ರ), ಆಗಸ್ಟ್ 13

ತಂಗಿಗೆ ಆಶೀರ್ವಾದಗಳು. ನನಗೆ 68. ನಿವೃತ್ತ ಭೂಗೋಳದ ಮೇಷ್ಟ್ರು. ಪ್ರತಿ ಸೋಮವಾರ ಸಿದ್ಧಗಂಗೆ ಬೆಟ್ಟ ಹತ್ತುತ್ತೇನೆ. ಭಕ್ತಿ ಅರ್ಧ, ಕೆಳಗೆ ಬಂದ ಮೇಲಿನ ತಟ್ಟೆ ಇಡ್ಲಿ ಅರ್ಧ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಮಾಡಿದವರು ಮಧುಗಿರಿಯನ್ನು ನೋಡಿರಲಿಕ್ಕಿಲ್ಲ. ಅದು ಹತ್ತಿರ ಹೋದರೂ ನುಣ್ಣಗೇ ಇರುತ್ತದೆ, ತೊಂದರೆಯೇ ಅದು. ಕಾರಣ ಕೇಳಿ. ನಮ್ಮ ಜಿಲ್ಲೆಯ ಪೂರ್ವ ಭಾಗದಲ್ಲಿ ದಕ್ಷಿಣೋತ್ತರವಾಗಿ ಒಂದು ಗ್ರಾನೈಟ್ ಪಟ್ಟಿ ಹಾಯುತ್ತದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಅದಕ್ಕೂ ನಿಂತಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಬಿಸಿಲು ಮಳೆಗೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಎದ್ದ ಪದರ ಉದುರಿ ಪುಡಿಯಾಗಿ ಗರಸಾಗುತ್ತದೆ. ಒಣಗಿದ ಬರಿಯ ಬಂಡೆಯ ಮೇಲೆ ಕಾಲು ಚೆನ್ನಾಗಿ ಕಚ್ಚುತ್ತದೆ. ಆದರೆ ಬಂಡೆಗೂ ಅಂಗಾಲಿಗೂ ನಡುವೆ ಗರಸು ಬಂತೆಂದರೆ ಗೋಲಿಗಳ ಮೇಲೆ ನಿಂತ ಹಾಗೆ. ಆ ಗರಸು ಎಲ್ಲಿ ಸೇರುತ್ತದೆ? ಕಡಿದಾದ ಜಾಗದಲ್ಲಿ ನಿಲ್ಲುವುದಿಲ್ಲ, ಕೊಚ್ಚಿಕೊಂಡು ಬಂದು ಇಳಿಜಾರು ಕಮ್ಮಿಯಾದ ಕಡೆ, ಕೆಳಗಡೆ ನಿಲ್ಲುತ್ತದೆ. ನೀವು ಬಿದ್ದದ್ದು ಅಲ್ಲೇ.

ಹಾಗಾಗಿ ನಿಮ್ಮ ಕಾಲನ್ನು ಬೈಯಬೇಡಿ. ಸುಲಭದ ಜಾಗದಲ್ಲಿ ಕಣ್ಣು ತಪ್ಪಿತು, ಅಷ್ಟೆ.

ಅಂತರಗಂಗೆ ಹುಡುಗ (ಕೋಲಾರ), ಆಗಸ್ಟ್ 13

ಅಕ್ಕೋ, ನಂದೂ ಇದೇ ಕತೆ. ಅಂತರಗಂಗೆಯಲ್ಲಿ ಬಸವನ ಬಾಯಿಂದ ನೀರು ಬರೋ ಕಲ್ಯಾಣಿ ತನಕ ಮೆಟ್ಟಿಲು, ಅಲ್ಲಿಂದ ಮೇಲೆ ಗುಂಡುಗಳ ಸಂದಿ, ಗವಿಗಳು. ಕಾಲೇಜು ಟೈಮಲ್ಲಿ ಕಣ್ಣು ಮುಚ್ಚಿ ನುಗ್ತಿದ್ವಿ. ಮೂರು ವರ್ಷದ ಕೆಳಗೆ ಒಂದು ಗುಂಡಿಂದ ಇನ್ನೊಂದಕ್ಕೆ ಹಾರಕ್ಕೆ ಹೋಗಿ ಮಧ್ಯೆ ಸಿಕ್ಕಾಕ್ಕೊಂಡೆ. ಗಾಯ ಏನಿಲ್ಲ, ಮೊಣಕೈ ತರಚಿತ್ತು ಅಷ್ಟೇ. ಆದ್ರೆ ಅವತ್ತಿಂದ ಮೂರಡಿ ಎತ್ತರದ ಕಟ್ಟೆಯಿಂದ ಕೆಳಗೆ ಹಾರಕ್ಕೂ ಆಗ್ತಿರ್ಲಿಲ್ಲ. ಫ್ರೆಂಡ್ಸ್ ಜೊತೆ ಹೋದ್ರೆ ಅವ್ರು ಮುಂದೆ ಹೋಗಿ ನಿಂತ್ಕೊಂಡು "ಬಾರೋ ಬಾರೋ" ಅಂತಾರೆ. ಅದೇ ದೊಡ್ಡ ಹಿಂಸೆ.

ಸರಿ ಹೋಗಿದ್ದು ಹೇಗೆ ಗೊತ್ತಾ? ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಭಾನುವಾರ ಭಾನುವಾರ ಅವಳನ್ನ ಕರ್ಕೊಂಡು ಮೆಟ್ಟಿಲು ಹತ್ತಿಸ್ತಿದ್ದೆ. ಅವಳು ಪ್ರತಿ ಮೆಟ್ಟಿಲಿಗೂ ನಿಲ್ತಾಳೆ, ಕೋತಿ ನೋಡ್ತಾಳೆ, ಕಲ್ಲು ಹೆಕ್ತಾಳೆ. ಇಳಿಯೋವಾಗ "ಅಪ್ಪಾ ಇಲ್ಲಿ ಕಾಲಿಡು" ಅಂತ ಅವಳೇ ನಂಗೆ ಹೇಳ್ತಿದ್ಲು. ನಾಲ್ಕೈದು ತಿಂಗಳು ಹಂಗೇ ಹೋದ್ವಿ. ಯಾವಾಗ ಭಯ ಹೋಯ್ತು ಅಂತ ಗೊತ್ತೇ ಆಗ್ಲಿಲ್ಲ. ನಿಮಗಿಂತ ನಿಧಾನ ಇರೋರ ಜೊತೆ ಹೋಗಿ ಅಕ್ಕ.

ಕೋತಿಗೆ ಮಾತ್ರ ಹುಷಾರು. ಕೈಲಿ ಕವರ್ ಇದ್ರೆ ಮುಗೀತು ಕತೆ.

ಏಳು ಗುಡ್ಡ, ಆಗಸ್ಟ್ 13

ಆಯ್ತಪ್ಪ, ಎಲ್ರೂ ಮಕ್ಕಳ ಜೊತೆ ಮೆಟ್ಟಿಲು ಎಣಿಸಿ. ಡಿಸೆಂಬರ್ ಬಂದಾಗ ನೋಡೋಣ. ಮೆಟ್ಟಿಲು ಬೇರೆ, ಬಂಡೆ ಬೇರೆ. ಇದನ್ನ ಯಾರೂ ಹೇಳ್ತಿಲ್ಲ.

ಹಿಮಗಾಲು (ಗೌರಿಬಿದನೂರು, ಸದ್ಯ ಡೆನ್ವರ್), ಆಗಸ್ಟ್ 15

ನಾನು ಬರೆಯೋದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಹದಿನೈದು ವರ್ಷದಿಂದ ಅಮೆರಿಕದಲ್ಲಿದ್ದೀನಿ. ಇಲ್ಲಿ ಬೆಟ್ಟ ಅಂದ್ರೆ ಚಳಿಗಾಲದಲ್ಲಿ ಸ್ಕೀಯಿಂಗ್. ಗೌರಿಬಿದನೂರಿನ ಬಿಸಿಲಲ್ಲಿ ಬೆಳೆದವನು 34ನೇ ವಯಸ್ಸಲ್ಲಿ ಹಿಮದ ಮೇಲೆ ಹಲಗೆ ಕಟ್ಕೊಂಡು ನಿಂತಾಗ ಹೇಗಿದ್ದಿರಬಹುದು ಯೋಚ್ನೆ ಮಾಡಿ.

ಇಲ್ಲಿ ಪ್ರತಿ ದಾರಿಗೂ ಗುರುತು ಹಾಕಿರ್ತಾರೆ. ಹಸಿರು ವೃತ್ತ ಅಂದ್ರೆ ಸುಲಭ, ನೀಲಿ ಚೌಕ ಅಂದ್ರೆ ಮಧ್ಯಮ, ಕಪ್ಪು ವಜ್ರ ಅಂದ್ರೆ ಕಷ್ಟ. ಆದ್ರೆ ಆ ಗುರುತು ಆಯಾ ಬೆಟ್ಟಕ್ಕೆ ಮಾತ್ರ. ಒಂದು ಬೆಟ್ಟದ ನೀಲಿ ಇನ್ನೊಂದು ಬೆಟ್ಟದ ಕಪ್ಪಿನಷ್ಟು ಕಡಿದಾಗಿರಬಹುದು. ನಾನು ಅದು ತಿಳೀದೆ ನಮ್ಮ ಮಾಮೂಲಿ ಬೆಟ್ಟದ ನೀಲಿ ಸಲೀಸಾಯ್ತು ಅಂತ ಬೇರೆ ಕಡೆ ನೀಲಿಗೆ ಹೋಗಿ ಮಂಡಿಯ ಲಿಗಮೆಂಟ್ ಹರ್ಕೊಂಡೆ. ಆಪರೇಷನ್. ಒಂದು ಚಳಿಗಾಲ ಪೂರ್ತಿ ಕಿಟಕಿಯಿಂದ ಹಿಮ ನೋಡ್ಕೊಂಡು ಕೂತೆ.

ಮುಂದಿನ ವರ್ಷ ವಾಪಸ್ ಬಂದಾಗ ಹಸಿರು ದಾರಿಯಲ್ಲೂ ಕಾಲು ನಡುಗ್ತಿತ್ತು. ಸುತ್ತ ಎಲ್ಲ ಮಕ್ಕಳು. ಹಲಗೆಯ ಮುಂದಿನ ತುದಿಗಳನ್ನ ಒಂದಕ್ಕೊಂದು ಹತ್ರ ತಂದು ಹಿಂದೆ ಅಗಲ ಮಾಡಿ ಬ್ರೇಕ್ ಹಾಕೋದನ್ನ ಮಕ್ಕಳಿಗೆ "ಪಿಜ್ಜಾ" ಅಂತ ಹೇಳಿಕೊಡ್ತಾರೆ, ತುಂಡಿನ ಆಕಾರ ಅಂತ. ನಾನೂ ಅವರ ಸಾಲಲ್ಲಿ ಪಿಜ್ಜಾ ಮಾಡ್ಕೊಂಡು ಇಳೀತಿದ್ದೆ.

ಆಗ ಒಬ್ಬ ಶಿಕ್ಷಕಿ ನೋಡಿ ಹೇಳಿದ್ದು: ನೀನು ಹಿಂದಕ್ಕೆ ವಾಲ್ತಿದ್ದೀಯ. ಭಯ ಆದಾಗ ಎಲ್ರೂ ಮಾಡೋದು ಅದೇ. ಇಳಿಜಾರಿನಿಂದ ದೂರ ಸರಿಯೋಣ ಅಂತ ಮೈ ಹಿಂದಕ್ಕೆ ಹೋಗುತ್ತೆ, ಅಂಡು ಕೆಳಗಾಗುತ್ತೆ. ಆಗ ಭಾರ ಹಲಗೆಯ ಹಿಂಭಾಗಕ್ಕೆ ಬಿದ್ದು ಮುಂಭಾಗ ಮಾತು ಕೇಳಲ್ಲ. ತಿರುಗಲ್ಲ. ವೇಗ ಹೆಚ್ಚುತ್ತೆ. ವೇಗ ಹೆಚ್ಚಿದ್ರೆ ಇನ್ನೂ ಭಯ, ಇನ್ನೂ ಹಿಂದಕ್ಕೆ. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ಮುಂದಿನ ಪಟ್ಟಿಗೆ ಒತ್ತೋ ಹಾಗೆ ಮುಂದಕ್ಕೆ ಬಾ ಅಂದ್ಲು. ಇಳಿಜಾರಿನ ಕಡೆಗೇ ಎದೆ ಕೊಡು ಅಂದ ಹಾಗಾಯ್ತು. ತಲೆ ಒಪ್ಪಲ್ಲ. ಆದ್ರೆ ಹಸಿರು ದಾರಿ ಅಷ್ಟು ಚಪ್ಪಟೆ ಇದ್ದಿದ್ದರಿಂದ ತಪ್ಪಾದ್ರೂ ಏನೂ ಆಗಲ್ಲ ಅಂತ ಮಾಡಿ ನೋಡಿದೆ. ಹಲಗೆ ತಿರುಗಿತು. ಅವತ್ತು ಅದೇ ಒಂದು ದಾರಿಯಲ್ಲಿ ಹನ್ನೊಂದು ಸಲ ಇಳಿದೆ.

ರಜಕ್ಕೆ ಊರಿಗೆ ಬಂದಾಗ ನಂದಿ ಬೆಟ್ಟದ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲು ಇಳೀತಾ ಇದನ್ನೇ ಗಮನಿಸಿದೆ. ಭಯಪಟ್ಟವರೆಲ್ಲ ಹಿಂದಕ್ಕೆ ವಾಲಿ ಹಿಮ್ಮಡಿ ಊರ್ತಾರೆ. ಹಿಮ್ಮಡಿ ತುದಿ ಮಾತ್ರ ನೆಲಕ್ಕೆ ತಾಕಿದ್ರೆ ಜಾರದೆ ಇನ್ನೇನಾಗುತ್ತೆ? ಕಲ್ಲುಹೂವು ಅವರೇ, ನೀವು ಬಿದ್ದಾಗ ಮುಂದಕ್ಕೆ ಬಿದ್ರಾ, ಹಿಂದಕ್ಕೆ ಬಿದ್ರಾ?

ಮರೆತೆ, ಇಲ್ಲಿ ಸ್ಕೀ ಮಾಡೋರಲ್ಲಿ ಒಂದು ನಂಬಿಕೆ ಇದೆ. "ಇದೇ ಕೊನೇ ಸುತ್ತು" ಅಂತ ಬಾಯಿಬಿಟ್ಟು ಹೇಳಬಾರದು. ಹೇಳಿದ್ರೆ ಆ ಸುತ್ತಲ್ಲೇ ಬೀಳ್ತಾರಂತೆ. ನಮ್ಮಮ್ಮ ಹೋಗ್ತೀನಿ ಅನ್ಬೇಡ, ಹೋಗ್ಬರ್ತೀನಿ ಅನ್ನು ಅಂತಿದ್ದಿದ್ದು ನೆನಪಾಗುತ್ತೆ. ನಿಮ್ಮ "ಇನ್ನೇನು ಮುಗೀತು" ಓದಿ ನಗುನೂ ಬಂತು, ಅಯ್ಯೋ ಅಂತನೂ ಅನ್ನಿಸ್ತು.

ಕಲ್ಲುಹೂವು, ಆಗಸ್ಟ್ 16

ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ.

@ಹಿಮಗಾಲು ಹಿಂದಕ್ಕೆ. ಅಂಡಿನ ಮೇಲೇ ಕೂತೆ, ಕಾಲು ಕೆಳಗೆ ಮಡಚಿ ಸಿಕ್ಕಾಕ್ಕೊಂಡಿತ್ತು. ನೀವು ಕೇಳೋ ತನಕ ಆ ಪ್ರಶ್ನೆ ನನ್ನ ತಲೆಗೇ ಬಂದಿರ್ಲಿಲ್ಲ.

@ಕೀಲು ಮೂಳೆ ಎಡಗಾಲು 30 ಸೆಕೆಂಡ್ ಆರಾಮ. ಬಲಗಾಲು 8. ನಮ್ಮನೆಯವ್ರು ಟೈಮ್ ನೋಡಿದ್ದು, ಅವರೂ ನಿಂತು ನೋಡಿದ್ರು, 12 ಬಂತು. ಅವರು ಎಲ್ಲೂ ಬಿದ್ದಿಲ್ಲ ಪಾಪ.

ಕಲ್ಲುಹೂವು, ಸೆಪ್ಟೆಂಬರ್ 21

ವರದಿ ಒಪ್ಪಿಸ್ತೀನಿ. ಮಂದಾರಗಿರಿಗೆ ಐದು ಸಲ ಹೋದೆ. ಮೊದಲನೇ ಸಲ ಕಂಬಿ ಬಿಡ್ಲಿಲ್ಲ. ಮೂರನೇ ಸಲ ಹತ್ತಿದ್ದು ನೆನಪಿಲ್ಲ, ಇಳಿದಿದ್ದು ಒಂದೊಂದು ಮೆಟ್ಟಿಲೂ ನೆನಪಿದೆ. ಐದನೇ ಸಲ ಪಕ್ಕದ ಮನೆ ಅಜ್ಜಿನ ಕರ್ಕೊಂಡು ಹೋಗಿದ್ದೆ, ಅವ್ರಿಗೆ 72. @ಅಂತರಗಂಗೆ ಹುಡುಗ, ನಿಮ್ಮ ಮಾತು ನಿಜ. ಅವ್ರ ಕಡೆ ಗಮನ ಇದ್ದಿದ್ದಕ್ಕೆ ನನ್ನ ಕಾಲು ಅದರ ಪಾಡಿಗೆ ಕೆಲಸ ಮಾಡ್ತು. ಅಜ್ಜಿ ಮಾತ್ರ ನನಗಿಂತ ಮುಂಚೆ ಕೆಳಗೆ ಬಂದು ಕೂತಿದ್ರು.

ಒಂಟಿಕಾಲು ಈಗ 25 ಸೆಕೆಂಡ್.

ಅಷ್ಟಾದ ಮೇಲೆ ಖುಷಿಯಾಗಿ ಹೋದ ವಾರ ದೇವರಾಯನದುರ್ಗದ ಮೇಲೆ ದೇವಸ್ಥಾನದಾಚೆ ಬಂಡೆ ಮೇಲೆ ನಿಂತ್ಕೊಂಡೆ. ಮಳೆ ಬಂದು ಹೋಗಿತ್ತು. ಸುಮ್ನೆ ಹತ್ತಡಿ ಇಳಿಜಾರು. ಮತ್ತೆ ಅದೇ ಕತೆ. ಕಾಲು ಕಲ್ಲಾಯ್ತು. ವಾಪಸ್ ಬಂದು ಕಾರಲ್ಲಿ ಕೂತು ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಏಳು ಗುಡ್ಡ ಅವ್ರು ಹೇಳಿದ್ದು ಸರಿ, ಮೆಟ್ಟಿಲು ಬೇರೆ ಬಂಡೆ ಬೇರೆ.

ಹಳೇ ಮೇಷ್ಟ್ರು, ಸೆಪ್ಟೆಂಬರ್ 21

ಮಳೆ ಬಿದ್ದ ಬಂಡೆಯ ಮೇಲೆ ನಿಲ್ಲಲು ಹೋದದ್ದೇ ತಪ್ಪು. ಮಳೆಗಾಲದಲ್ಲಿ ಕಪ್ಪಗೆ ಕಾಣುವ ಪಟ್ಟೆಗಳೆಲ್ಲ ಪಾಚಿ. ಅಲ್ಲಿ ನಾನೂ ಜಾರುತ್ತೇನೆ, ಮೇಕೆಯೂ ಜಾರುತ್ತದೆ. ಅಲ್ಲಿ ಕಾಲು ಕಲ್ಲಾಯಿತೆಂದರೆ ಅದು ಭಯವಲ್ಲ ತಂಗಿ, ಬುದ್ಧಿ.

ಏಳು ಗುಡ್ಡ, ಸೆಪ್ಟೆಂಬರ್ 22

ನಾನು ಸರಿ ಅಂದಿದ್ದಕ್ಕೆ ಥ್ಯಾಂಕ್ಸ್. ಆದ್ರೆ ಮೇಡಂ ಅಳೋ ಅಂಥದ್ದೇನಿಲ್ಲ. ಮೆಟ್ಟಿಲಿಂದ ನೇರ ಮಧುಗಿರಿಗೆ ಹೋಗಬೇಡಿ, ಮೊದಲು ಹಂಗೆ ಹೇಳಿದ್ದು ವಾಪಸ್ ತಗೋತೀನಿ. ನಿಮ್ಮ ಅಜ್ಜಿ ಊರು, ಅಮ್ಮನ ಊರು ಯಾವುದು? ನಮ್ಮ ಕಡೆ ಯಾವ ಊರಲ್ಲಿ ನೋಡಿದ್ರೂ ಊರಾಚೆ ಒಂದು ಹಾಸುಬಂಡೆ ಇದ್ದೇ ಇರುತ್ತೆ, ಕಾಳು ಒಣಗಿಸೋದು. ಅಲ್ಲಿ ಹೋಗಿ ನಡೀರಿ. ಜಾರಿದ್ರೂ ಕಡಲೆಕಾಯಿ ಮೇಲೆ ಬೀಳ್ತೀರಿ.

ಮೈದಾಳದ ಗಾಳಿ, ಸೆಪ್ಟೆಂಬರ್ 22

ಏಳು ಗುಡ್ಡ ಮಾತು ವಾಪಸ್ ತಗೊಂಡ ದಿನ. ಯಾರಾದ್ರೂ ಗೋಡೆ ಮೇಲೆ ಬರ್ಕೊಳ್ರಪ್ಪ.

ಕಲ್ಲುಹೂವು, ಅಕ್ಟೋಬರ್ 27

ಇದನ್ನ ಸ್ವಲ್ಪ ಉದ್ದ ಬರೀತೀನಿ.

ನಮ್ಮಮ್ಮನ ಊರು ಕೊರಟಗೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಊರಿನ ಪಶ್ಚಿಮಕ್ಕೆ ದೊಡ್ಡ ಹಾಸುಬಂಡೆ. ಚಿಕ್ಕವರಿದ್ದಾಗ ಅದರ ಒಂದು ಮಗ್ಗುಲು ನಮಗೆ ಜಾರುಬಂಡೆ. ಚಡ್ಡಿ ಹರಿದು ಬೈಸ್ಕೊಳ್ತಿದ್ವಿ. ಅದು ಇದೆ ಅನ್ನೋದೇ ಮರೆತಿದ್ದೆ ನೋಡಿ. ದುಡ್ಡು ಕೊಟ್ಟು ಪೆಟ್ರೋಲ್ ಹಾಕ್ಸಿ ಎಲ್ಲೆಲ್ಲೋ ಬೆಟ್ಟ ಹುಡುಕ್ತಿದ್ದೆ.

ದಸರಾ ರಜಕ್ಕೆ ಹೋಗಿ ನಾಲ್ಕು ದಿನ ಇದ್ದೆ. ಬಂಡೆ ಮೇಲೆ ಕಡಲೆಕಾಯಿ ಹರವಿದ್ರು. ನಮ್ಮ ಸೋದರತ್ತೆಗೆ ಅರವತ್ತರ ಮೇಲೆ. ತಲೆ ಮೇಲೆ ಕುಕ್ಕೆ ಇಟ್ಕೊಂಡು, ಬರಿಗಾಲಲ್ಲಿ, ಮೇಲಿನ ಹೊಲದಿಂದ ಬಂಡೆ ಇಳಿದು ಬರ್ತಿದ್ರು. ದಿನಕ್ಕೆ ಎಂಟತ್ತು ಸಲ. ಮೊದಲನೇ ದಿನ ನಾನು ಕೆಳಗೆ ಕೂತು ಬರೀ ಅವರ ಕಾಲು ನೋಡ್ದೆ. ನಮ್ಮ ಶೂ, ಕೋಲು, ಯೂಟ್ಯೂಬ್ ಎಲ್ಲ ಒಂದು ಕಡೆ ಇರ್ಲಿ.

ಹೆಜ್ಜೆ ತುಂಬ ಸಣ್ಣದು. ಪಾದ ಪೂರ್ತಿ ಒಟ್ಟಿಗೆ ಊರುತ್ತೆ, ಹಿಮ್ಮಡಿ ಮೊದಲಲ್ಲ, ಬೆರಳೂ ಮೊದಲಲ್ಲ. ಮಂಡಿ ಯಾವಾಗ್ಲೂ ಸ್ವಲ್ಪ ಬಗ್ಗಿರುತ್ತೆ, ನೆಟ್ಟಗಾಗೋದೇ ಇಲ್ಲ. ತಲೆ ಮೇಲೆ ಕುಕ್ಕೆ ಇರೋದರಿಂದ ಹಿಂದಕ್ಕೆ ವಾಲೋ ಹಾಗೇ ಇಲ್ಲ, ವಾಲಿದ್ರೆ ಕುಕ್ಕೆ ಬೀಳುತ್ತೆ. ಅತ್ತೆ ಕಾಲ ಬುಡ ನೋಡಲ್ಲ, ನಾಲ್ಕೈದು ಹೆಜ್ಜೆ ಮುಂದೆ ನೋಡ್ತಾರೆ. ಹಿಮಗಾಲು ಅವ್ರ ಡೆನ್ವರ್ ಟೀಚರ್ ಹೇಳಿದ್ದನ್ನ ನಮ್ಮತ್ತೆ ಹೇಳದೆ ಮಾಡ್ತಿದ್ರು.

"ಹೆಂಗತ್ತೆ ಹಂಗೆ ಇಳೀತೀಯ?" ಅಂದೆ. "ಹೆಂಗೆ ಅಂದ್ರೆ? ಇಳಿಯೋದಪ್ಪ" ಅಂದ್ರು. ಅವ್ರಿಗೆ ಪ್ರಶ್ನೆನೇ ಅರ್ಥ ಆಗ್ಲಿಲ್ಲ.

ಎರಡನೇ ದಿನ ನಾನೂ ಶುರು ಮಾಡ್ದೆ. ಮೊದಲು ಬಂಡೆ ಅಂಚಲ್ಲಿ ಹತ್ತು ಹೆಜ್ಜೆ ಹತ್ತೋದು, ತಿರುಗೋದು, ಹತ್ತು ಹೆಜ್ಜೆ ಇಳಿಯೋದು. ಆಮೇಲೆ ಹದಿನೈದು. ಜಾಸ್ತಿ ಇಳಿಜಾರಿರೋ ಕಡೆ ಮೈ ಹಿಂದಕ್ಕೆ ಹೋಗ್ತಿದೆ ಅಂತ ನನಗೇ ಗೊತ್ತಾಗ್ತಿತ್ತು, ಆದ್ರೆ ತಡೆಯಕ್ಕಾಗ್ತಿರ್ಲಿಲ್ಲ. ಆಗ ಅತ್ತೆನೇ ಬಂದು ಖಾಲಿ ಕುಕ್ಕೆ ನನ್ನ ತಲೆ ಮೇಲಿಟ್ರು, "ಸುಮ್ನೆ ಓಡಾಡ್ತಿದ್ದೀಯ, ಇದನ್ನಾದ್ರೂ ತಗೊಂಡ್ಬಾ" ಅಂತ. ಕುಕ್ಕೆ ಬೀಳಬಾರದು ಅನ್ನೋದರಲ್ಲೇ ಗಮನ. ಕತ್ತು ನೆಟ್ಟಗಾಯ್ತು, ಬೆನ್ನು ನೆಟ್ಟಗಾಯ್ತು, ಮಂಡಿ ತಾನಾಗಿ ಬಗ್ಗಿತು. ಕೆಳಗೆ ಬಂದು ನಿಂತಾಗ್ಲೇ ಗೊತ್ತಾಗಿದ್ದು, ಇಡೀ ಬಂಡೆ ಇಳಿದಿದ್ದೆ.

ಇನ್ನೊಂದು ಬೇಕಂತಲೇ ಮಾಡಿದ್ದು. ಗರಸು ಇರೋ ಜಾಗಕ್ಕೆ ಹೋಗಿ, ಕೈ ಊರ್ಕೊಳ್ಳೋ ಹಾಗೆ ಕುಕ್ಕರುಗಾಲಲ್ಲಿ, ಬೇಕಂತಲೇ ಕಾಲು ಜಾರಿಸಿದೆ. ಎಷ್ಟು ಜಾರುತ್ತೆ ನೋಡೋಣ ಅಂತ. ಒಂದು ಗೇಣು ಜಾರಿ ನಿಲ್ತು. ಮತ್ತೆ ಜಾರಿಸಿದೆ, ಮತ್ತೆ ನಿಲ್ತು. ಹತ್ತು ತಿಂಗಳಿಂದ ನನ್ನ ತಲೇಲಿ ಜಾರೋದು ಅಂದ್ರೆ ಮೂಳೆ ಮುರಿಯೋದು ಅಂತಲೇ ಆಗಿಬಿಟ್ಟಿತ್ತು. ಆಟಕ್ಕೆ ಜಾರ್ತಿದ್ದ ಬಂಡೆನೇ ಅದು.

ಕೀಲು ಮೂಳೆ, ಅಕ್ಟೋಬರ್ 27

ತಲೆ ಮೇಲೆ ಕುಕ್ಕೆ. ನಾನು ಸುಮಾರು ಜನಕ್ಕೆ "ಬೆನ್ನು ನೆಟ್ಟಗೆ, ಮಂಡಿ ಸಡಿಲ, ನೋಟ ಮುಂದೆ" ಅಂತ ಮೂರು ಮೂರು ಸೂಚನೆ ಕೊಟ್ಟು ಸುಸ್ತಾಗಿದ್ದೀನಿ. ನಾಳೆಯಿಂದ ಕ್ಲಿನಿಕ್ಕಿಗೆ ಒಂದು ಕುಕ್ಕೆ ತರ್ತೀನಿ. ತಮಾಷೆ ಅಲ್ಲ.

ಒಂದೇ ಎಚ್ಚರಿಕೆ: ಬೇಕಂತಲೇ ಜಾರೋ ಪ್ರಯೋಗ ಓದಿದ ಬೇರೆಯವರು ಎತ್ತರದ ಜಾಗದಲ್ಲಿ ಮಾಡಬೇಡಿ. ಕೆಳಗೆ ಸಮತಟ್ಟು ನೆಲ ಇರೋ ಕಡೆ ಮಾತ್ರ.

ಹಿಮಗಾಲು, ಅಕ್ಟೋಬರ್ 28

ಇಲ್ಲಿ ಹೊಸಬರಿಗೆ ಮೊದಲ ದಿನವೇ ಬೀಳೋದು, ಏಳೋದು ಹೇಳಿಕೊಡ್ತಾರೆ. ನಾನು ದುಡ್ಡು ಕೊಟ್ಟು ಕಲಿತೆ. ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸಿ.

ಅಂತರಗಂಗೆ ಹುಡುಗ, ಅಕ್ಟೋಬರ್ 28

ಅಕ್ಕೋ ಕಡಲೆಕಾಯಿ ಎಷ್ಟು ಮುರೀತು ಅಂತ ಹೇಳ್ಲಿಲ್ಲ.

ಕಲ್ಲುಹೂವು, ಡಿಸೆಂಬರ್ 15

ನಿನ್ನೆ ಮಧುಗಿರಿ.

ಬೆಳಿಗ್ಗೆ ಐದೂವರೆಗೆ ತುಮಕೂರು ಬಿಟ್ವಿ. ಶೂ ಹೊಸದು, ಹಳೇದರ ಅಡಿ ಸವೆದು ನುಣ್ಣಗಾಗಿತ್ತು ಅಂತ ಈಗ ತೆಗೆದು ನೋಡಿದಾಗ ಗೊತ್ತಾಯ್ತು. (ಹೋದ ವರ್ಷವೇ ಯಾರಾದ್ರೂ ತಿರುಗಿಸಿ ನೋಡಿದ್ರೆ ಇಷ್ಟೆಲ್ಲ ಬರೆಯೋ ಕೆಲಸನೇ ಇರ್ತಿರ್ಲಿಲ್ವೇನೋ.)

ಮೊದಲೇ ಗುಂಪಿಗೆ ಹೇಳಿದ್ದೆ: ಎಲ್ಲಿ ನನಗೆ ಸಾಕು ಅನ್ಸುತ್ತೋ ಅಲ್ಲಿ ಕೂರ್ತೀನಿ, "ಬಾ ಬಾ" ಅನ್ನಬೇಡಿ. ಅರ್ಧದಾಚೆ, ಬಂಡೆಯಲ್ಲಿ ಕಾಲಿಡೋಕೆ ಕೊರೆದಿರೋ ಕಡಿದು ಜಾಗ ಶುರು ಆಗೋ ಕಡೆ ಕೂತೆ. ಹತ್ತಬಹುದಿತ್ತು. ಹತ್ತೋದು ನನಗೆ ಯಾವತ್ತೂ ಕಷ್ಟ ಇರ್ಲಿಲ್ಲ. ಆದ್ರೆ ಅದನ್ನ ಇಳಿಯೋ ಲೆಕ್ಕ ಹಾಕ್ದೆ, ಇವತ್ತು ಬೇಡ ಅನ್ಸಿತು. ಬೇಡ ಅನ್ಸಿದ್ದಕ್ಕೆ ಬೇಜಾರೂ ಆಗ್ಲಿಲ್ಲ. ಅಲ್ಲೇ ಕೂತು ಚಿತ್ರಾನ್ನ ತಿಂದು, ಕೆಳಗೆ ಊರು ಎದ್ದೇಳೋದನ್ನ ನೋಡ್ಕೊಂಡು, ಅವರು ಬರೋ ಮುಂಚೆ ಒಬ್ಳೇ ಇಳಿಯೋಕೆ ಶುರು ಮಾಡ್ದೆ.

ಬಿದ್ದ ಜಾಗ ಹುಡುಕ್ದೆ. ನಿಜ ಹೇಳ್ತೀನಿ, ಎರಡು ಸಲ ಅದನ್ನ ದಾಟಿ ಹೋಗಿದ್ದೆ. ನನ್ನ ನೆನಪಲ್ಲಿ ಅದು ದೊಡ್ಡ ಪ್ರಪಾತದ ಥರ ಇತ್ತು. ನೋಡಿದ್ರೆ ನಮ್ಮ ಮನೆ ಮುಂದಿನ ಬೈಕ್ ಹತ್ತಿಸೋ ಇಳಿಜಾರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೇಷ್ಟ್ರು ಹೇಳಿದ ಹಾಗೇ ಗರಸು ತುಂಬಿತ್ತು. ಕಾಲಲ್ಲಿ ಗರಸು ಪಕ್ಕಕ್ಕೆ ಸರಿಸಿ, ಮಂಡಿ ಬಗ್ಗಿಸಿ, ಪಾದ ಪೂರ್ತಿ ಊರಿ ಇಳಿದೆ. ಎದೆ ಡವಡವ ಅಂತಲೇ ಇತ್ತು, ಅದೇನು ಹೋಗಿಲ್ಲ. ಕೆಳಗಿನ ಬಾಗಿಲು ಕಂಡಾಗ ಬಾಯಿ ಬಿಗಿ ಹಿಡ್ಕೊಂಡೆ, ಕಾಫಿ ಸುದ್ದಿ ಎತ್ಲಿಲ್ಲ.

ನಮ್ಮ ಗುಂಪಿನ ಧೈರ್ಯವಂತರೊಬ್ಬರು ಆಮೇಲೆ ಇಳಿದು ಬಂದ್ರು. ಪ್ಯಾಂಟಿನ ಹಿಂಭಾಗ ಪೂರ್ತಿ ಬಿಳಿ. ಹೆಸರು ಹೇಳಲ್ಲ.

ಹಳೇ ಮೇಷ್ಟ್ರು, ಡಿಸೆಂಬರ್ 15

ಭೇಷ್. ಒಂದು ಸೋಮವಾರ ಸಿದ್ಧಗಂಗೆಗೆ ಬನ್ನಿ, ಇಡ್ಲಿ ನನ್ನ ಲೆಕ್ಕ.

ಏಳು ಗುಡ್ಡ, ಡಿಸೆಂಬರ್ 16

ಮೇಡಂ ಒಂದು ವಿಷಯ. ಇಲ್ಲಿ ಕೇಳೋಕೆ ಸಂಕೋಚ, ಆದ್ರೂ ಕೇಳ್ತೀನಿ. ನನ್ನ ಹೆಂಡತಿಗೂ ಇಳಿಯೋ ಭಯ. ನಾಲ್ಕು ವರ್ಷದ ಹಿಂದೆ ನಾನೇ ಪಾವಗಡದ ಕೋಟೆಗೆ ಬಲವಂತವಾಗಿ ಹತ್ತಿಸಿದ್ದೆ, ಅವತ್ತಿಂದ ಬೆಟ್ಟ ಅಂದ್ರೆ ಬರಲ್ಲ ಅಂತಾಳೆ. ನಮ್ಮೂರ ಹಾಸುಬಂಡೆ ಮೇಲೆ ಈಗ ಮನೆ ಕಟ್ಟಿದ್ದಾರೆ. ನಿಮ್ಮತ್ತೆ ಊರಿನ ಬಂಡೆಗೆ ಒಂದ್ಸಲ ಬರಬಹುದಾ?

ಕಲ್ಲುಹೂವು, ಡಿಸೆಂಬರ್ 16

ಧಾರಾಳವಾಗಿ ಬನ್ನಿ. ಕೊರಟಗೆರೆ ಬಸ್ ಸ್ಟ್ಯಾಂಡಲ್ಲಿ ಇಳಿದು ಒಂದು ಮೆಸೇಜ್ ಹಾಕಿ, ನಾನೇ ಬರ್ತೀನಿ. ಈಗ ಬಂಡೆ ಮೇಲೆ ರಾಗಿ ಹರವಿದ್ದಾರೆ, ಮಧ್ಯಾಹ್ನ ಮೂರರ ಮೇಲೆ ಒಂದು ಮಗ್ಗುಲು ಖಾಲಿ ಇರುತ್ತೆ. ಶೂ ತೊಳ್ಕೊಂಡು ಬನ್ನಿ, ರಾಗಿಗೆ ಮಣ್ಣು ಬಿದ್ರೆ ಅತ್ತೆ ಬೈತಾರೆ. ಮತ್ತೆ ನೀವು ಬಂಡೆ ಹತ್ರ ಬರಬೇಡಿ, ಮನೇಲಿ ಮಾವನ ಜೊತೆ ಕೂತಿರಿ. ಅಕ್ಕನ ನಾನು ಕರ್ಕೊಂಡು ಹೋಗ್ತೀನಿ.